ಮರಳ ಮೈದಾನದ ಆಟ, ನಮ್ಮೂರ ನೀರಿನ ಲೆಕ್ಕ

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್ ತಿಂಗಳಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ನಮ್ಮ ಭಾಗದ ವಾಣಿಜ್ಯ ವಲಯದಲ್ಲಿ ಹೊಸ ಉತ್ಸಾಹವೊಂದು ಮೂಡಿದೆ. ಅದು ಸಹಜವೂ ಸ್ವಾಗತಾರ್ಹವೂ ಆದುದು. ಕೊಬ್ಬರಿ, ರಾಗಿ ಮತ್ತು ಆಲೂಗೆಡ್ಡೆಯ ಬೆಲೆಯ ಏರಿಳಿತದಲ್ಲಿಯೇ ವರುಷಗಳನ್ನು ಕಳೆದ ನಮಗೆ, ಪ್ರವಾಸೋದ್ಯಮವು ಮತ್ತೊಂದು ಆದಾಯದ ಮಾರ್ಗವಾದೀತೆಂಬ ಆಸೆ ಇರುವುದು ತಪ್ಪಲ್ಲ. ನನ್ನ ಕಚೇರಿಗೆ ಬರುವ ಕಕ್ಷಿದಾರರಲ್ಲಿ ಕೆಲವರು ಇತ್ತೀಚೆಗೆ ಹೋಟೆಲು, ರೆಸಾರ್ಟುಗಳ ಯೋಜನಾ ವರದಿಯ ಬಗ್ಗೆ ವಿಚಾರಿಸುತ್ತಿದ್ದಾರೆ. ಅವರ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಪದವೊಂದಿದೆ: ಗಾಲ್ಫ್. 'ಅರಸೀಕೆರೆ ಕಡೆ ಭೂಮಿ ಅಗ್ಗ, ರೈಲು ಇದೆ, ಹಳೇಬೀಡು ಹತ್ತಿರ. ಹದಿನೆಂಟು ಕುಳಿಯ ಒಂದು ಮೈದಾನ ಮಾಡಿದರೆ ಬೆಂಗಳೂರಿನವರು ತಾವಾಗಿಯೇ ಬರುತ್ತಾರೆ. ಮರಳುಗಾಡಿನ ದುಬೈನಲ್ಲಿಯೇ ಸಾಧ್ಯವಾದದ್ದು ಇಲ್ಲೇಕೆ ಆಗದು?' ಎಂಬುದು ಅವರ ತರ್ಕ.

ಈ ತರ್ಕವನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಗಾಲ್ಫ್ ಆಟದ ಬಗ್ಗೆ ನನಗೆ ದ್ವೇಷವೂ ಇಲ್ಲ. ಆದರೆ ಮರಳುಗಾಡಿನ ಉದಾಹರಣೆಯನ್ನು ಕೊಡುವವರು ಅದನ್ನು ಪೂರ್ತಿಯಾಗಿ ನೋಡಬೇಕೆಂಬುದು ನನ್ನ ವಿನಂತಿ. ಮರಳುಗಾಡಿನ ಗಾಲ್ಫ್ ಮೈದಾನಗಳಲ್ಲಿ ಎರಡು ಬಗೆ. ಒಂದು ನೆಲಕ್ಕೆ ಹೊಂದಿಕೊಂಡದ್ದು, ಇನ್ನೊಂದು ನೆಲವನ್ನೇ ಬದಲಿಸಿದ್ದು. ಮೊದಲನೆಯದರ ಖರ್ಚು ಅಲ್ಪ. ಎರಡನೆಯದರ ಖರ್ಚು ಅಪಾರವಾದರೂ ಅದನ್ನು ಭರಿಸುವವರು ಯಾರೆಂಬುದು ಅಲ್ಲಿ ಸ್ಪಷ್ಟ. ನಾವು ಎರಡನೆಯದರ ಅಂದವನ್ನು ಕಂಡು, ಮೊದಲನೆಯದರ ಖರ್ಚಿನಲ್ಲಿ ಅದನ್ನು ಕಟ್ಟಬಹುದೆಂದು ಭಾವಿಸುತ್ತಿದ್ದೇವೆ. ಈ ಎರಡರ ನಡುವಿನ ವ್ಯತ್ಯಾಸ ಯಾರ ಖಾತೆಗೆ ಬೀಳುತ್ತದೆ ಎಂಬುದೇ ಈ ಲೇಖನದ ವಿಷಯ.

ಮರಳಿನ ಮೇಲೆ ಒಂದು ಸುತ್ತು

ಕೆಲವು ವರ್ಷಗಳ ಹಿಂದೆ ಕೊಲ್ಲಿ ರಾಷ್ಟ್ರವೊಂದಕ್ಕೆ ಹೋಗಿದ್ದಾಗ, ಮೂವರು ಕಾಲೇಜು ಸಹಪಾಠಿಗಳ ಜೊತೆ ಮರಳಿನ ಗಾಲ್ಫ್ ಮೈದಾನದಲ್ಲಿ ಒಂದು ಸುತ್ತು ಆಡುವ ಅವಕಾಶ ದೊರಕಿತ್ತು. ಒಬ್ಬ ಅಲ್ಲಿಯೇ ಹಡಗು ಸರಕಿನ ಕಂಪನಿಯಲ್ಲಿ ಅಧಿಕಾರಿ, ಒಬ್ಬ ಬೆಂಗಳೂರಿನಲ್ಲಿ ಬಿಡಿಭಾಗಗಳ ಕಾರ್ಖಾನೆ ನಡೆಸುವಾತ, ಮತ್ತೊಬ್ಬ ನಮ್ಮದೇ ಭಾಗದಲ್ಲಿ ಕೊಬ್ಬರಿ ಮಂಡಿ ಇಟ್ಟಿರುವಾತ. ನಮ್ಮಲ್ಲಿ ಆಟ ಬಲ್ಲವನು ಮೊದಲನೆಯವನು ಮಾತ್ರ.

ಮೈದಾನವೆಂದರೆ ಹಸಿರು ಹಾಸು ಎಂದುಕೊಂಡು ಹೋದವರಿಗೆ ಅಲ್ಲಿ ಕಂಡದ್ದು ಬರಿಯ ಮರಳು, ಅಲ್ಲಲ್ಲಿ ಒಂದಿಷ್ಟು ಮುಳ್ಳುಗಿಡ. ಆಡುವ ದಾರಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ನೆಟ್ಟ ಗೂಟಗಳು ಹೇಳುತ್ತಿದ್ದವು. ಪ್ರತಿಯೊಬ್ಬನ ಕೈಗೂ ಕೃತಕ ಹುಲ್ಲಿನ ಚಾಪೆಯ ಒಂದು ತುಂಡನ್ನು ಕೊಟ್ಟರು. ಗೂಟಗಳ ಒಳಗೆ ಚೆಂಡು ಬಿದ್ದರೆ ಅದನ್ನೆತ್ತಿ, ಚಾಪೆಯ ಮೇಲಿಟ್ಟು ಮುಂದಿನ ಹೊಡೆತ ಹೊಡೆಯಬೇಕು. ದಾರಿ ಬಿಟ್ಟು ಹೊರಗೆ ಬಿದ್ದರೆ ಮರಳಿನಲ್ಲಿಯೇ ಒದ್ದಾಡಬೇಕು. ಕುಳಿಯ ಸುತ್ತ ಹುಲ್ಲಿನ 'ಗ್ರೀನ್' ಇರಬೇಕಾದ ಜಾಗದಲ್ಲಿ, ಎಣ್ಣೆ ಬೆರೆಸಿ ಒತ್ತಿ ಸಮ ಮಾಡಿದ ಮರಳಿನ ವೃತ್ತ. ಅದಕ್ಕೆ 'ಬ್ರೌನ್' ಎಂದು ಹೆಸರು. ಗಾಳಿಗೆ ಮರಳು ಹಾರದಿರಲೆಂದು ಎಣ್ಣೆ. ಒಂದು ತಂಡ ಆಡಿ ಮುಗಿಸಿದ ಮೇಲೆ ಹೆಜ್ಜೆ ಗುರುತುಗಳನ್ನು ಎಳೆದು ಸಮ ಮಾಡಿ ಮುಂದಿನವರಿಗೆ ಬಿಟ್ಟುಕೊಡುವುದು ಆಟಗಾರರದೇ ಹೊಣೆ.

ಬಿಸಿಲೇರುವ ಮೊದಲೇ ಆಟ ಮುಗಿಯಬೇಕಾದ್ದರಿಂದ ನಸುಕಿನಲ್ಲಿ ಆರಂಭಿಸಿದೆವು. ನಾಲ್ಕೈದು ಕುಳಿಗಳಾದ ಮೇಲೆ ನೀರಿನ ಬಾಟಲಿ ಎತ್ತಿಕೊಂಡು ನಮ್ಮ ಕೊಬ್ಬರಿ ಮಂಡಿಯ ಮಿತ್ರ ಹೇಳಿದ ಮಾತು ಇಂದಿಗೂ ನೆನಪಿದೆ: "ಈ ಮೈದಾನದಲ್ಲಿ ನೀರು ಕುಡಿಯೋರು ನಾವು ನಾಲ್ಕು ಜನ ಮಾತ್ರ ಕಣಯ್ಯ. ನೆಲಕ್ಕೆ ಒಂದು ತೊಟ್ಟೂ ಇಲ್ಲ." ತಮಾಷೆಗೆ ಆಡಿದ ಮಾತಾದರೂ ಅದು ಒಂದು ಯೋಜನಾ ವರದಿಯ ಸಾರಾಂಶದಂತಿತ್ತು. ನಾಲ್ಕು ತಾಸು ನಡೆದೆವು, ಆಡಿದೆವು, ಹರಟಿದೆವು, ಕೊಟ್ಟ ಶುಲ್ಕಕ್ಕೆ ತೃಪ್ತರಾದೆವು. ಹುಲ್ಲು ಇಲ್ಲವೆಂಬ ಕೊರತೆ ನಮಗಾರಿಗೂ ಕಾಡಲಿಲ್ಲ.

ಲೆಕ್ಕಪರಿಶೋಧಕನಾದ ನನ್ನನ್ನು ಸೆಳೆದದ್ದು ಇನ್ನೊಂದು ಸಂಗತಿ. ಗಾಲ್ಫ್‌ನ ಹೊಡೆತಗಳ ಸ್ಪರ್ಧೆಯಲ್ಲಿ ಆಟಗಾರನು ತನ್ನ ಅಂಕಪಟ್ಟಿಯನ್ನು ತಾನೇ ಬರೆದುಕೊಳ್ಳುವುದಿಲ್ಲ. ಜೊತೆಯಲ್ಲಿ ಆಡುವ ಮತ್ತೊಬ್ಬ ಅದನ್ನು ಬರೆಯುತ್ತಾನೆ. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ನಿಜಕ್ಕಿಂತ ಕಡಿಮೆ ಹೊಡೆತ ತೋರಿಸಿ ಸಹಿ ಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ. ಹೆಚ್ಚು ತೋರಿಸಿದ್ದರೆ ಆ ಹೆಚ್ಚಿನ ಸಂಖ್ಯೆಯೇ ಖಾಯಂ. 1968ರಲ್ಲಿ ಅಮೆರಿಕದ ಅಗಸ್ಟಾದಲ್ಲಿ ನಡೆದ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ ಅರ್ಜೆಂಟೀನಾದ ರೊಬೆರ್ತೊ ದೆ ವಿಸೆಂಜೊ 17ನೇ ಕುಳಿಯನ್ನು 3 ಹೊಡೆತಗಳಲ್ಲಿ ಮುಗಿಸಿದ್ದರು. ಜೊತೆಗಾರ ಟಾಮಿ ಆರನ್ ಕೈತಪ್ಪಿ 4 ಎಂದು ಬರೆದರು. ದೆ ವಿಸೆಂಜೊ ಪರಿಶೀಲಿಸದೆ ಸಹಿ ಹಾಕಿದರು. ಆ ಒಂದು ಅಂಕದಿಂದ, ಬಾಬ್ ಗೋಲ್ಬಿಯವರೊಂದಿಗೆ ಸಮಬಲವಾಗಿ ಮರು ಪಂದ್ಯವಾಡುವ ಅವಕಾಶ ಅವರ ಕೈತಪ್ಪಿತು. ಮೈದಾನದ ಸುತ್ತ ನಿಂತ ಜನರೆಲ್ಲ 3 ಹೊಡೆತ ಕಂಡಿದ್ದರು. ಆದರೂ ಸಹಿ ಬಿದ್ದ ಕಾಗದವೇ ಪ್ರಮಾಣವಾಯಿತು. ಬೇರೊಬ್ಬನ ಕೈಯಲ್ಲಿ ಬರೆಸಿ, ಇಬ್ಬರ ಸಹಿಯಿಂದ ದೃಢಪಡಿಸುವ ಈ ಪದ್ಧತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಯೋಜನವಿದೆ.

ಹಸಿರಿನ ಬೆಲೆ ತೆತ್ತವರು

ಕೊಲ್ಲಿ ರಾಷ್ಟ್ರಗಳಲ್ಲಿ ಮೊದಲು ಇದ್ದದ್ದು ನಾವು ಆಡಿದಂಥ ಮರಳು ಮೈದಾನಗಳೇ. ತೈಲ ಕಂಪನಿಗಳ ಅಧಿಕಾರಿಗಳು ಬಿಡುವಿನ ವೇಳೆಗೆಂದು ಇಂಥವನ್ನು ಮಾಡಿಕೊಂಡಿದ್ದರು. 1988ರಲ್ಲಿ ದುಬೈನಲ್ಲಿ ಎಮಿರೇಟ್ಸ್ ಗಾಲ್ಫ್ ಕ್ಲಬ್ ಆರಂಭವಾಯಿತು. ಆ ಪ್ರದೇಶದಲ್ಲಿ ಪೂರ್ತಿ ಹುಲ್ಲಿನ ಹಾಸುಳ್ಳ ಮೊದಲ 18 ಕುಳಿಗಳ ಮೈದಾನವದು. ಮರುವರ್ಷ, 1989ರಲ್ಲಿ, ಅಲ್ಲಿ ಡೆಸರ್ಟ್ ಕ್ಲಾಸಿಕ್ ಪಂದ್ಯಾವಳಿ ಮೊದಲಾಯಿತು. ದೂರದರ್ಶನದ ಮೂಲಕ ಮರುಭೂಮಿಯ ನಡುವಿನ ಹಸಿರು ಜಗತ್ತಿನ ಕಣ್ಣಿಗೆ ಬಿತ್ತು. ಪ್ರವಾಸಿಗಳು ಬಂದರು, ಹೋಟೆಲುಗಳು ಎದ್ದವು. ನಮ್ಮ ಕಕ್ಷಿದಾರರ ಮನಸ್ಸಿನಲ್ಲಿರುವುದು ಈ ಚಿತ್ರವೇ.

ಆದರೆ ಆ ಹಸಿರಿಗೆ ನೀರು ಬಂದದ್ದು ಅಂತರ್ಜಲದಿಂದಲ್ಲ. ಸಮುದ್ರದ ಉಪ್ಪು ನೀರನ್ನು ಇಂಧನ ಸುಟ್ಟು ಸಿಹಿ ಮಾಡಿ ಹಾಯಿಸಿದರು. ಕಾಲಾಂತರದಲ್ಲಿ ಅಲ್ಲಿನ ಹಲವು ಮೈದಾನಗಳು ನಗರದ ಒಳಚರಂಡಿಯ ಶುದ್ಧೀಕರಿಸಿದ ನೀರಿಗೆ ಬದಲಾದವು. ಪ್ರತಿ ಲೀಟರಿಗೂ ಅಲ್ಲಿ ಬೆಲೆಯಿದೆ, ಆ ಬೆಲೆಯನ್ನು ತೈಲದ ಸಂಪತ್ತು ಭರಿಸುತ್ತದೆ, ಅದು ಖರ್ಚಿನ ಪಟ್ಟಿಯಲ್ಲಿ ಕಾಣುತ್ತದೆ. ಪಕ್ಕದ ರೈತನ ಬಾವಿ ಬತ್ತುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿಯೂ ಸರ್ಕಾರ ಸುಮ್ಮನಿಲ್ಲ. ಫೀನಿಕ್ಸ್ ನಗರದ ಸುತ್ತ ಹೊಸ 18 ಕುಳಿಗಳ ಮೈದಾನಕ್ಕೆ ಹುಲ್ಲು ಬೆಳೆಸಲು 90 ಎಕರೆಯ ಮಿತಿಯನ್ನು ಅಲ್ಲಿನ ಜಲಸಂಪನ್ಮೂಲ ಇಲಾಖೆ ವಿಧಿಸಿದೆ. ಉಳಿದ ಜಾಗ ಮರಳು, ಕಳ್ಳಿ, ಕಲ್ಲಾಗಿಯೇ ಇರಬೇಕು.

ಇನ್ನೊಂದು ಉದಾಹರಣೆ ಆಸ್ಟ್ರೇಲಿಯದ ಕೂಬರ್ ಪೀಡಿ. ಓಪಲ್ ಎಂಬ ರತ್ನದ ಗಣಿಗಳ ಈ ಸಣ್ಣ ಊರಿನಲ್ಲಿ ಬಿಸಿಲಿಗೆ ಅಂಜಿ ಜನ ನೆಲದಡಿಯ ಮನೆಗಳಲ್ಲಿ ವಾಸಿಸುತ್ತಾರೆ. ಅಲ್ಲಿನ ಗಾಲ್ಫ್ ಮೈದಾನದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಚಾಪೆಯ ತುಂಡು ಹಿಡಿದು ಆಡುತ್ತಾರೆ. ಬಿಸಿಲು ಹೆಚ್ಚಾದರೆ ರಾತ್ರಿ ಹೊಳೆಯುವ ಚೆಂಡು ಬಳಸುತ್ತಾರೆ. ಆ ಹುಲ್ಲಿಲ್ಲದ ಮೈದಾನವೇ ಅದರ ಪ್ರಸಿದ್ಧಿಗೆ ಕಾರಣವಾಗಿ ದೂರದೂರದ ಪ್ರವಾಸಿಗಳು ಅದನ್ನು ನೋಡಲೆಂದೇ ಬರುತ್ತಾರೆ.

ನಮ್ಮ ನಾಡಿಗೂ ಇದು ಹೊಸತಲ್ಲ. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿತು. ಕೋಲಾರದ ಚಿನ್ನದ ಗಣಿಯ ಒಣ ನೆಲದಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡಿದ್ದು ಬ್ರೌನ್‌ಗಳ ಮೇಲೆ. ನೀರಿರುವ ಊರಿನಲ್ಲಿ ಹುಲ್ಲು, ಇಲ್ಲದ ಊರಿನಲ್ಲಿ ಮರಳು ಎಂಬ ವ್ಯವಹಾರ ಜ್ಞಾನ ಹಿಂದಿನವರಿಗಿತ್ತು. ಬೇಲೂರಿಗೆ ಹತ್ತಿರವೇ ಇರುವ ಚಿಕ್ಕಮಗಳೂರಿನಲ್ಲಿ ಹಸಿರು ಮೈದಾನವಿದೆಯೆಂದರೆ ಅದಕ್ಕೆ ಮಲೆನಾಡಿನ ಮಳೆಯ ಆಸರೆಯಿದೆ. ಅದೇ ಮೈದಾನವನ್ನು ಎತ್ತಿ ತಂದು ಅರಸೀಕೆರೆಯ ಬಯಲಿನಲ್ಲಿ ಇಡಲಾಗುವುದಿಲ್ಲ.

ಅರಸೀಕೆರೆಯ ಲೆಕ್ಕ

ಅರಸೀಕೆರೆ ಮರುಭೂಮಿಯಲ್ಲ ನಿಜ. ಆದರೆ ಸಕಲೇಶಪುರದ ಮಳೆ ನಮ್ಮವರೆಗೆ ಬರುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಬರಪೀಡಿತ ತಾಲೂಕುಗಳ ಪಟ್ಟಿಯಲ್ಲಿ ನಮ್ಮ ಹೆಸರು ಎಷ್ಟು ಬಾರಿ ಬಂದಿದೆ ಎಂಬುದನ್ನು ಹಿರಿಯ ವರ್ತಕರು ಬಲ್ಲರು. ಹೀಗಿರುವಾಗ ಇಲ್ಲಿ ಹಸಿರು ಮೈದಾನ ಮಾಡಿದರೆ ಎಷ್ಟು ನೀರು ಬೇಕು? ಕೆಲವು ಅಂದಾಜುಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಒಪ್ಪದವರು ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬಹುದು.

ಹದಿನೆಂಟು ಕುಳಿಗಳ ಮೈದಾನದಲ್ಲಿ ನೀರು ಹಾಯಿಸಬೇಕಾದ ಹುಲ್ಲಿನ ಜಾಗ 25 ಹೆಕ್ಟೇರು, ಎಂದರೆ ಸುಮಾರು 62 ಎಕರೆ ಎಂದು ಹಿಡಿಯೋಣ. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಬೇಕೆನ್ನೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರು ನೀರೆಂದರೆ 10,000 ಲೀಟರು. ಆದ್ದರಿಂದ ದಿನದ ಅಗತ್ಯ 12,50,000 ಲೀಟರು. ಮಳೆಗಾಲವನ್ನು ಬಿಟ್ಟು ವರ್ಷಕ್ಕೆ 200 ದಿನ ಹಾಯಿಸಿದರೆ 25 ಕೋಟಿ ಲೀಟರು.

ಈ ಸಂಖ್ಯೆಯನ್ನು ನಮಗೆ ತಿಳಿದ ಅಳತೆಗೆ ತರೋಣ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಗ್ರಾಮೀಣ ವ್ಯಕ್ತಿಯೊಬ್ಬನಿಗೆ ದಿನಕ್ಕೆ 55 ಲೀಟರಿನ ಗುರಿಯಿದೆ. ಆ ಲೆಕ್ಕದಲ್ಲಿ ಮೈದಾನ ಕುಡಿಯುವ ನೀರು 22,000ಕ್ಕೂ ಹೆಚ್ಚು ಜನರ ಪಾಲು. ಇನ್ನು ತೆಂಗು. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 60 ಲೀಟರು, ಎಕರೆಗೆ 70 ಮರ ಎಂದಿಟ್ಟುಕೊಂಡರೆ, ಅದೇ ನೀರಿನಲ್ಲಿ 20,000ಕ್ಕೂ ಮಿಕ್ಕಿ ಮರಗಳನ್ನು, ಸುಮಾರು 300 ಎಕರೆ ತೋಟವನ್ನು ಉಳಿಸಿಕೊಳ್ಳಬಹುದು. ಆ ತೋಟದ ಹಿಂದೆ ಕೊಬ್ಬರಿ ಮಂಡಿಯಿದೆ, ಹಮಾಲರಿದ್ದಾರೆ, ಲಾರಿಯವರಿದ್ದಾರೆ, ನಾರಿನ ಕಾರ್ಖಾನೆಯಿದೆ, ಗೋಣಿಚೀಲದ ವ್ಯಾಪಾರಿಯಿದ್ದಾನೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ 12,100 ರೂಪಾಯಿ. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಎಷ್ಟು ಮಂದಿಯ ಖಾತೆ-ಕಿರ್ದಿ ಈ ಕೊಬ್ಬರಿಯನ್ನು ಅವಲಂಬಿಸಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಈಗ ಮೈದಾನದ ಪರವಾಗಿಯೇ ನೋಡೋಣ. ದಿನಕ್ಕೆ ಸರಾಸರಿ 40 ಮಂದಿ ಆಡಿದರೆಂದರೆ ಒಬ್ಬೊಬ್ಬ ಆಟಗಾರನ ಹೆಸರಿನಲ್ಲಿ 31,250 ಲೀಟರು ನೀರು ಖರ್ಚಾಗುತ್ತದೆ. 5,000 ಲೀಟರಿನ ಟ್ಯಾಂಕರ್ ನೀರನ್ನು ಕೊಂಡು ಹಾಯಿಸುವುದಾದರೆ ದಿನಕ್ಕೆ 250 ಟ್ಯಾಂಕರ್ ಬೇಕು. ಟ್ಯಾಂಕರಿಗೆ 600 ರೂಪಾಯಿಯೆಂದು ಹಿಡಿದರೂ ದಿನಕ್ಕೆ ಒಂದೂವರೆ ಲಕ್ಷ, 200 ದಿನಕ್ಕೆ 3 ಕೋಟಿ ರೂಪಾಯಿ. ಆಟಗಾರನೊಬ್ಬನಿಗೆ ನೀರಿನ ಖರ್ಚೇ 3,750 ರೂಪಾಯಿ. ಸಿಬ್ಬಂದಿ, ಗೊಬ್ಬರ, ಯಂತ್ರಗಳ ಸವಕಳಿ, ಸಾಲದ ಬಡ್ಡಿ ಎಲ್ಲವೂ ಇದರ ಮೇಲೆ. ಈ ಅಂಕಿಗಳನ್ನು ಹಾಕಿದರೆ ಯಾವ ಬ್ಯಾಂಕೂ ಸಾಲ ಮಂಜೂರು ಮಾಡದು.

ಹಾಗಾದರೆ ಇಂಥ ಯೋಜನೆಗಳು ಕಾಗದದ ಮೇಲೆ ಲಾಭ ತೋರಿಸುವುದು ಹೇಗೆ? ಕೊಳವೆ ಬಾವಿ ಕೊರೆಸಿದ ಖರ್ಚು ಬಂಡವಾಳದ ಖಾತೆಗೆ, ಪಂಪಿನ ವಿದ್ಯುತ್ತು ಖರ್ಚಿನ ಖಾತೆಗೆ ಹೋಗುತ್ತವೆ. ನೀರಿಗೆ ಖಾತೆಯೇ ಇಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವವನು ಪ್ರತಿ ಲೀಟರಿಗೂ ಬೆಲೆ ತೆರುತ್ತಾನೆ. ಕೊಳವೆ ಬಾವಿಯಿಂದ ಎತ್ತುವವನು ಎತ್ತುವ ಖರ್ಚನ್ನು ಮಾತ್ರ ತೆರುತ್ತಾನೆ. ನೀರಿನ ಬೆಲೆಯನ್ನು ಸುತ್ತಲಿನ ತೋಟದವರು, ಊರಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು, ಕೊನೆಗೆ ಕೊಬ್ಬರಿಯ ಆವಕ ಕುಸಿದಾಗ ಮಂಡಿಯ ವರ್ತಕರು ತೆರುತ್ತಾರೆ. ಇದು ಲಾಭವಲ್ಲ. ಬೇರೆಯವರ ಖಾತೆಗೆ ಬರೆದ ಖರ್ಚು. ಇಂಥ ಅಢಾವೆ ಪತ್ರಿಕೆಗೆ ಸಹಿ ಹಾಕಲು ಯಾವ ಪರಿಶೋಧಕನ ಮನಸ್ಸೂ ಒಪ್ಪಬಾರದು.

ಎತ್ತಿನಹೊಳೆಯ ಕಾಲುವೆ ನಮ್ಮ ತಾಲೂಕಿನ ಮೂಲಕ ಹಾಯುತ್ತದಲ್ಲ, ನೀರಿನ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. 2024ರ ಸೆಪ್ಟೆಂಬರ್ 6ರಂದು ಅದರ ಮೊದಲ ಹಂತಕ್ಕೆ ಚಾಲನೆ ದೊರಕಿತು. ಒಟ್ಟು 24.01 ಟಿ.ಎಂ.ಸಿ. ನೀರಿನ ಆ ಯೋಜನೆ ರೂಪುಗೊಂಡದ್ದು ಬರದ ನಾಡಿನ ಕುಡಿಯುವ ನೀರಿಗೆ ಮತ್ತು ಕೆರೆ ತುಂಬಿಸುವುದಕ್ಕೆ. ಪರಿಷ್ಕೃತ ಅಂದಾಜಿನಲ್ಲಿ 23,000 ಕೋಟಿ ರೂಪಾಯಿ ದಾಟಿದ ಸಾರ್ವಜನಿಕ ಹಣದ ನೀರನ್ನು ಆಟದ ಹುಲ್ಲಿಗೆ ಕೇಳುವ ಧೈರ್ಯ ನಮಗಿರಬಾರದು.

ವಾದದ ಇನ್ನೊಂದು ಮುಖ

ಯೋಜನೆಯ ಪರವಾಗಿರುವವರ ಮಾತಿನಲ್ಲಿಯೂ ಹುರುಳಿದೆ. ಗಾಲ್ಫ್ ಆಡುವವನು ಕೈಬಿಚ್ಚಿ ಖರ್ಚು ಮಾಡುವ ಅತಿಥಿ. ಒಂದೆರಡು ರಾತ್ರಿ ಉಳಿಯುತ್ತಾನೆ. ಸ್ಥಳೀಯ ಯುವಕರಿಗೆ ಕೆಲಸ ಸಿಗುತ್ತದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದ ಮೇಲೆ ಈ ಆಟ ಕೇವಲ ಶ್ರೀಮಂತ ಮುದುಕರದೆಂಬ ಭಾವನೆಯೂ ಸಡಿಲವಾಗಿದೆ. 'ಗಾಲ್ಫ್ ಮೈದಾನದಲ್ಲಿ ದೊಡ್ಡ ವ್ಯವಹಾರಗಳು ಕುದುರುತ್ತವೆ' ಎಂಬ ಮಾತಂತೂ ಎಲ್ಲರ ಬಾಯಲ್ಲಿದೆ. ನಾಲ್ಕು ತಾಸು ಜೊತೆಗೆ ನಡೆದರೆ ಮನುಷ್ಯನ ಗುಣ ತಿಳಿಯುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಮ್ಮ ಮಾರುಕಟ್ಟೆ ಪ್ರಾಂಗಣದಲ್ಲಿ ಆಡಿದ ಮಾತಿಗೆ ತಪ್ಪದೆ ಹಣ ಪಾವತಿಸುವ ಖರೀದಿದಾರನ ಗುಣ ತಿಳಿಯಲು ಯಾವ ಆಟವೂ ಬೇಕಾಗಿಲ್ಲ.

ಸದಸ್ಯರು ಕೇಳುವ ಮತ್ತೊಂದು ಪ್ರಶ್ನೆ, ಆಟದ ಖರ್ಚನ್ನು ವ್ಯಾಪಾರದ ಖರ್ಚಿಗೆ ಹಾಕಬಹುದೇ ಎಂಬುದು. ವ್ಯವಹಾರಕ್ಕಾಗಿಯೇ ಸಂಪೂರ್ಣವಾಗಿ ಮಾಡಿದ ಖರ್ಚಿಗೆ ಮಾತ್ರ ಆದಾಯ ತೆರಿಗೆಯಲ್ಲಿ ಮಾನ್ಯತೆ. ಕಂಪನಿಯು ತನ್ನ ಉದ್ಯೋಗಿಗಳ ಕ್ಲಬ್ ಸದಸ್ಯತ್ವಕ್ಕೆ ಕೊಟ್ಟ ಶುಲ್ಕ ವ್ಯಾಪಾರದ ಖರ್ಚೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಯುನೈಟೆಡ್ ಗ್ಲಾಸ್ ಪ್ರಕರಣದಲ್ಲಿ ಹೇಳಿದ್ದುಂಟು. ಆದರೆ ಮಾಲೀಕನ ಸ್ವಂತ ವಿನೋದಕ್ಕೆ ಆ ತೀರ್ಪು ರಹದಾರಿಯಲ್ಲ. ಕ್ಲಬ್ ಸದಸ್ಯತ್ವದ ಮೇಲೆ ತೆತ್ತ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆಯನ್ನು ಕಾಯ್ದೆಯ 17(5)ನೇ ಕಲಮು ಸಾಮಾನ್ಯವಾಗಿ ತಡೆಯುತ್ತದೆ. ಹಾಗಾಗಿ ಆಡುವವರು ಸಂತೋಷಕ್ಕಾಗಿ ಆಡಲಿ, ತೆರಿಗೆ ಉಳಿತಾಯದ ಆಸೆಯಿಂದ ಬೇಡ.

ಅತಿಥಿ ಉಳಿಯಲು ಬೇಕಾದದ್ದೇನು?

ನಮ್ಮ ನಿಜವಾದ ಕೊರತೆ ಬೇರೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ಹಳೇಬೀಡಿನಲ್ಲಿ ಒಂದು ತಾಸು, ಬೇಲೂರಿನಲ್ಲಿ ಒಂದು ತಾಸು ನಿಂತು ಸಂಜೆಗೆ ಹಿಂತಿರುಗುತ್ತದೆ. ಅತಿಥಿ ನಮ್ಮಲ್ಲಿ ಬಿಟ್ಟುಹೋಗುವುದು ಒಂದು ಎಳನೀರಿನ, ಒಂದು ಊಟದ ಹಣ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಗುಡಿಯನ್ನು ನೋಡಲು ಬಂದವನಿಗೆ, ಅರಸೀಕೆರೆಯಲ್ಲಿಯೇ ಹದಿನಾರು ಕೋನಗಳ ನಕ್ಷತ್ರಾಕಾರದ ಮಂಟಪವುಳ್ಳ ಹೊಯ್ಸಳರ ಈಶ್ವರ ದೇವಾಲಯವಿದೆಯೆಂದು ಹೇಳುವವರಿಲ್ಲ. ಹಾರನಹಳ್ಳಿಯ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ಗುಡಿಗಳು, ಜಾವಗಲ್ಲಿನ ಲಕ್ಷ್ಮೀನರಸಿಂಹ, ಅಲ್ಲಿಂದ ಹಳೇಬೀಡು, ಬೇಲೂರು, ದೊಡ್ಡಗದ್ದವಳ್ಳಿ. ಇವನ್ನು ಸಾವಧಾನವಾಗಿ ನೋಡಲು ಎರಡು ದಿನ ಬೇಕು. ಎರಡು ದಿನವೆಂದರೆ ಒಂದು ರಾತ್ರಿ. ಆ ಒಂದು ರಾತ್ರಿಯೇ ನಮ್ಮ ವ್ಯಾಪಾರ.

ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಜಂಕ್ಷನ್ ನಮ್ಮಲ್ಲಿದೆ. ರೈಲಿನಿಂದ ಇಳಿದವನಿಗೆ ದರಪಟ್ಟಿಯಿರುವ ಟ್ಯಾಕ್ಸಿ, ಸ್ವಚ್ಛ ಶೌಚಾಲಯ, ಶುಚಿಯಾದ ಹತ್ತು ಕೊಠಡಿ, ದೇವಾಲಯದ ಶಿಲ್ಪವನ್ನು ವಿವರಿಸಬಲ್ಲ ತರಬೇತಾದ ಮಾರ್ಗದರ್ಶಿ, ಇಷ್ಟು ಸಾಕು. ಇದಕ್ಕೆ ಬೇಕಾದ ಬಂಡವಾಳ ನಮ್ಮ ಸದಸ್ಯರ ಕೈಗೆ ಎಟುಕುವಂಥದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿ ಬಾಡಿಗೆಗೆ ಜಿ.ಎಸ್.ಟಿ. ದರ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಎಂದರೆ ಅತಿಥಿಗೆ ಕೊಠಡಿ ಅಗ್ಗವಾಗುತ್ತದೆ, ದುಬಾರಿ ಸಾಮಗ್ರಿಯಿಂದ ಕಟ್ಟಿ ನಡೆಸುವವನಿಗೆ ಹೊರೆಯಾಗುತ್ತದೆ. ಈ ವ್ಯವಸ್ಥೆ ಸರಳವಾಗಿ, ಹಿತಮಿತವಾಗಿ ನಡೆಸುವ ಸಣ್ಣ ವಸತಿಗೃಹಕ್ಕೆ ಅನುಕೂಲ. ವರ್ಷಕ್ಕೆ 20 ಲಕ್ಷ ರೂಪಾಯಿ ಮೀರದ ಸೇವಾ ವಹಿವಾಟಿನ ಮನೆವಸತಿಗೆ ಸಾಮಾನ್ಯವಾಗಿ ನೋಂದಣಿಯೂ ಬೇಕಾಗಿಲ್ಲ.

ನಾಲ್ಕು ಷರತ್ತುಗಳು

ಹಾಗಾದರೆ ಗಾಲ್ಫ್ ಬೇಡವೇ ಬೇಡವೇ? ಬೇಕಾದವರು ತರಲಿ. ಆದರೆ ನಮ್ಮ ಸಂಸ್ಥೆಯು ಯಾವುದೇ ರೆಸಾರ್ಟ್ ಯೋಜನೆಗೆ ಬೆಂಬಲ ಪತ್ರ ಕೊಡುವ ಮುನ್ನ ನಾಲ್ಕು ಷರತ್ತುಗಳನ್ನು ಮುಂದಿಡಬೇಕೆಂದು ಸೂಚಿಸುತ್ತೇನೆ.

ಒಂದು: ಯೋಜನಾ ವರದಿಯಲ್ಲಿ ನೀರಿಗೆ ಪ್ರತ್ಯೇಕ ಖಾತೆ ಇರಬೇಕು. ಎಷ್ಟು ಲೀಟರು, ಎಲ್ಲಿಂದ, ಕೊಂಡರೆ ಎಷ್ಟು ಬೆಲೆ ಎಂಬುದನ್ನು ಖರ್ಚಿನಲ್ಲಿ ತೋರಿಸಿಯೇ ಲಾಭ ತೋರಿಸಬೇಕು. ಅಂತರ್ಜಲ ಬಳಕೆಗೆ 2011ರ ಕರ್ನಾಟಕ ಕಾಯ್ದೆ ಮತ್ತು 2020ರ ಕೇಂದ್ರ ಮಾರ್ಗಸೂಚಿಗಳಡಿ ಪಡೆಯಬೇಕಾದ ಅನುಮತಿಗಳನ್ನು ಮೊದಲೇ ಪಡೆದಿರಬೇಕು.

ಎರಡು: ಹುಲ್ಲು ಬೇಕೆಂದರೆ ಶುದ್ಧೀಕರಿಸಿದ ಬಳಕೆ ನೀರು ಮಾತ್ರ. ಬೆಂಗಳೂರಿನ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದನ್ನು ನಾವು ಕಂಡಿದ್ದೇವೆ. ಅಷ್ಟು ನೀರು ಲಭ್ಯವಿಲ್ಲದಿದ್ದರೆ ಮರಳಿನ ಬ್ರೌನ್ ಇರಲಿ, ಚಾಪೆಯ ತುಂಡು ಇರಲಿ. ಹೊಯ್ಸಳ ನಾಡಿನ ಒಣ ಬಯಲಿನಲ್ಲಿ ಒಂಬತ್ತು ಕುಳಿಗಳ ಹುಲ್ಲಿಲ್ಲದ ಮೈದಾನವೆಂದರೆ ಅದೇ ಒಂದು ವಿಶೇಷವಾಗಿ ಜನ ಬಂದಾರು.

ಮೂರು: ಗಾಲ್ಫ್ ಅಂಕಪಟ್ಟಿಯ ನಿಯಮ ನೀರಿನ ಮೀಟರಿಗೂ ಅನ್ವಯಿಸಲಿ. ಬಳಸುವವನು ತಾನೇ ಬರೆದುಕೊಳ್ಳುವುದು ಬೇಡ. ಗ್ರಾಮ ಪಂಚಾಯಿತಿಯ ಅಥವಾ ರೈತರ ಕಡೆಯ ಪ್ರತಿನಿಧಿಯೊಬ್ಬರು ಬರೆಯಲಿ, ಇಬ್ಬರೂ ಸಹಿ ಹಾಕಲಿ, ಪ್ರತಿ ತಿಂಗಳೂ ಪಂಚಾಯಿತಿಯ ಫಲಕದಲ್ಲಿ ಅದು ಪ್ರಕಟವಾಗಲಿ. ಕಡಿಮೆ ಬರೆದು ಸಹಿ ಮಾಡಿದವರು ಆಟದಿಂದ ಹೊರಗೆ.

ನಾಲ್ಕು: ದಿನಸಿ, ತರಕಾರಿ, ಹಾಲು, ನಾರಿನ ಚಾಪೆ, ಪೀಠೋಪಕರಣ, ಬಟ್ಟೆ ತೊಳೆಯುವ ಕೆಲಸ, ಇವುಗಳಲ್ಲಿ ಎಷ್ಟನ್ನು ತಾಲೂಕಿನೊಳಗೆ ಖರೀದಿಸುವರೆಂಬುದನ್ನು ಲಿಖಿತವಾಗಿ ತಿಳಿಸಲಿ. ಎಲ್ಲವೂ ಬೆಂಗಳೂರಿನಿಂದ ಲಾರಿಯಲ್ಲಿ ಬಂದರೆ, ನಮಗೆ ಉಳಿಯುವುದು ಬರಿದಾದ ಬಾವಿ ಮಾತ್ರ. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಮತ್ತು ಅದರಾಚೆ 200 ಮೀಟರ್ ನಿಯಂತ್ರಿತ ವಲಯವೆಂಬ 2010ರ ತಿದ್ದುಪಡಿಯನ್ನೂ ಎಲ್ಲರೂ ಪಾಲಿಸಬೇಕೆಂದು ಬೇರೆಯಾಗಿ ಹೇಳಬೇಕಿಲ್ಲ.

ಈ ಷರತ್ತುಗಳಿಗೆ ಬಂಡವಾಳಗಾರ ಹೆದರಿ ಓಡುತ್ತಾನೆಂದು ಕೆಲವರು ಹೇಳಬಹುದು. ಗಟ್ಟಿ ಬಂಡವಾಳಗಾರ ಓಡುವುದಿಲ್ಲ. ಮೊದಲೇ ತಿಳಿದ ಖರ್ಚು ಅವನಿಗೆ ಭಯವಲ್ಲ, ನಡುವೆ ಎದ್ದುಬರುವ ಖರ್ಚೇ ಭಯ. ಐದು ವರ್ಷ ಕಳೆದು ಬಾವಿ ಬತ್ತಿ, ಹುಲ್ಲು ಒಣಗಿ, ಸಾಲ ಸುಸ್ತಿಯಾದ ರೆಸಾರ್ಟಿನಿಂದ ಬಾಕಿ ಬರಬೇಕಾದ ದಿನಸಿ ಅಂಗಡಿಯವನು ನಮ್ಮ ಸದಸ್ಯನೇ ಆಗಿರುತ್ತಾನೆ.

ದ್ವಾರಸಮುದ್ರವೆಂಬ ರಾಜಧಾನಿ ಹೆಸರು ಪಡೆದದ್ದು ಒಂದು ಕೆರೆಯಿಂದ. ಅರಸೀಕೆರೆಯೆಂದರೆ ಅರಸಿಯ ಕೆರೆ. ಹೊಯ್ಸಳರು ಗುಡಿಗಳನ್ನು ಕಟ್ಟುವಾಗ ಕೆರೆಗಳನ್ನೂ ಕಟ್ಟಿಸಿದರು. ನೀರಿಲ್ಲದೆ ಉತ್ಸವವಿಲ್ಲ, ಸಂತೆಯಿಲ್ಲ, ಸುಂಕವಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಆ ಶಿಲ್ಪಗಳ ಹೆಸರಿನಲ್ಲಿ ವ್ಯಾಪಾರ ಮಾಡಹೊರಟ ನಾವು ಆ ಲೆಕ್ಕವನ್ನು ಮರೆಯುವುದು ಸಲ್ಲದು. ಮುಂದಿನ ಬಾರಿ ನಮ್ಮ ಸಭೆಯಲ್ಲಿ ಯಾರಾದರೂ ಬಣ್ಣದ ನಕ್ಷೆಯನ್ನು ಬಿಡಿಸಿಟ್ಟಾಗ, ಕೊಠಡಿಗಳೆಷ್ಟು, ಕುಳಿಗಳೆಷ್ಟು ಎಂದು ಕೇಳುವ ಮೊದಲು, ದಿನಕ್ಕೆ ಎಷ್ಟು ಲೀಟರು, ಅದನ್ನು ಬರೆಯುವವರು ಯಾರು ಎಂದು ಸದಸ್ಯರು ಕೇಳಬೇಕೆಂದು ವಿನಂತಿಸುತ್ತೇನೆ.